ನಮ್ಮ ಕೃತ್ಯಗಳೂ ಅವುಗಳ ಹೊಣೆಯೂ



ವ್ಯಾಕರಣವನ್ನು ಕಲಿಸುವಾಗ ವಾಕ್ಯಕ್ಕೆ ಕರ್ತೃ, ಕರ್ಮ, ಕ್ರಿಯಾಪದ ಎಂಬ ಮೂರು ಅಂಗಗಳುಂಟೆಂದು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಮಾಡಿದವರು ಯಾರೋ ಅವರೇ ಕರ್ತೃ. ಈ ಪಾಠವನ್ನು ಹುಡುಗಿಯರು ಒಂದು ವಾರದೊಳಗೆ ಕಲಿತುಬಿಡುತ್ತಾರೆ. ಆದರೆ ಅದೇ ಪಾಠವನ್ನು ಬಾಳಿನಲ್ಲಿ ಕಲಿಯುವದಕ್ಕೆ ಒಂದು ಆಯುಷ್ಯವೂ ಸಾಲದೋ ಏನೋ ಎಂಬಂತೆ ತೋರುತ್ತದೆ.

ಮನೆಯಲ್ಲಿ ಗಾಜಿನ ಲೋಟವೊಂದು ಬಿದ್ದು ಚೂರಾಯಿತೆನ್ನಿರಿ. ಏನಾಯಿತೆಂದು ತಾಯಿಯು ಒಳಗಿನಿಂದ ಕೇಳಿದರೆ "ಲೋಟ ಒಡೆಯಿತು" ಎಂಬ ಉತ್ತರವು ಬರುತ್ತದೆ. "ನಾನು ಲೋಟವನ್ನು ಒಡೆದೆನು" ಎಂಬ ಉತ್ತರವು ಬಹು ವಿರಳವಾಗಿ ಬರುತ್ತದೆ. ಮೊದಲನೆಯ ವಾಕ್ಯದಲ್ಲಿ ಲೋಟವು ತಾನಾಗಿಯೇ ಒಡೆದುಕೊಂಡಂತಾಯಿತು. ಕೈ ತಗಲಿಸಿದವಳು ವಾಕ್ಯದಿಂದ ಮೆಲ್ಲನೆ ಹೊರಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತುಬಿಟ್ಟಳು. ಇದು ಮಕ್ಕಳ ಮಾತೆಂದು ನಗಬೇಡಿರಿ. ದೊಡ್ಡವರಾದ ನಾವು ಸಹ ಸಾಲವಾಯಿತು, ಹೊತ್ತಾಯಿತು, ಜಗಳ ಹತ್ತಿತು, ಮಾತು ಬಂತು ಎಂದು ದಿನಾಲು ಅನ್ನುತ್ತೇವೆ. ಕ್ಷಮೆಯನ್ನು ಕೇಳುವಾಗಲೂ "ತಪ್ಪಾಯಿತು" ಎನ್ನುತ್ತೇವೆಯೇ ಹೊರತು "ತಪ್ಪು ಮಾಡಿದೆನು" ಎನ್ನುವವರು ಎಷ್ಟು ಮಂದಿ? ಇದು ಕನ್ನಡ ನುಡಿಯ ಕೊರತೆಯಲ್ಲ. ನಮ್ಮ ನುಡಿಯು ಎರಡು ಬಗೆಯ ವಾಕ್ಯಗಳನ್ನೂ ನಮ್ಮ ಮುಂದೆ ಇಟ್ಟಿದೆ, ಆರಿಸಿಕೊಳ್ಳುವವರು ನಾವು.

ನಮ್ಮ ಕೃತ್ಯಗಳಿಗೂ ಅವುಗಳ ಫಲಗಳಿಗೂ ನಾವು ಹೊಣೆಗಾರರಾಗುವದೆಂದರೇನೆಂಬದನ್ನು ಈ ಲೇಖನದಲ್ಲಿ ಸ್ವಲ್ಪ ವಿಚಾರ ಮಾಡೋಣ. ದೃಷ್ಟಾಂತಗಳನ್ನು ದೂರದಿಂದ ತರುವ ಅವಶ್ಯವಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಈ ನಮ್ಮ ಸೀಮೆಯಲ್ಲಿಯೇ ಅವು ಸಾಕಷ್ಟು ದೊರೆಯುತ್ತವೆ.

1. ಮೂರು ಪ್ರಶ್ನೆಗಳು

ಜವಾಬುದಾರಿ ಎಂಬ ಶಬ್ದವು ನಮ್ಮ ಕಡೆಯ ಮನೆಮನೆಗಳಲ್ಲಿ ಬಳಕೆಯಾಗಿದೆ. ಜವಾಬು ಎಂದರೆ ಉತ್ತರ. ಕೇಳಿದಾಗ ಉತ್ತರವನ್ನು ಕೊಡತಕ್ಕವರೇ ಜವಾಬುದಾರರು. ಹಾಗಾದರೆ ಯಾವ ಪ್ರಶ್ನೆಗೆ ಉತ್ತರ? ನಮ್ಮ ತಿಳುವಳಿಕೆಯ ಪ್ರಕಾರ ಪ್ರಶ್ನೆಗಳು ಮೂರು. ಇದನ್ನು ಮಾಡಿದವರು ಯಾರು? ಇದರಿಂದ ಏನಾಯಿತು, ಮತ್ತು ಯಾರಿಗಾಯಿತು? ಇನ್ನು ಮಾಡತಕ್ಕದ್ದೇನು?

ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ಕಣ್ಣು ಬೇಕು. ಯಾಕಂದರೆ ಕೃತ್ಯದ ಫಲವು ಅನೇಕ ವೇಳೆ ನಮ್ಮ ಅಂಗಳದಲ್ಲಿ ಬೀಳದೆ ನೆರೆಯವರ ಅಂಗಳದಲ್ಲಿ ಬೀಳುತ್ತದೆ. ಮೂರನೆಯದಕ್ಕೆ ತಾಳ್ಮೆಯೂ ದುಡಿಮೆಯೂ ಬೇಕು. ಬಹುಮಂದಿ ಒಳ್ಳೆಯವರು ಮೊದಲನೆಯ ಪ್ರಶ್ನೆಗೆ ಉತ್ತರ ಕೊಟ್ಟ ಮಾತ್ರಕ್ಕೆ ತಮ್ಮ ಹೊಣೆಯು ತೀರಿತೆಂದು ಸಮಾಧಾನ ಪಡುತ್ತಾರೆ. ಆದರೆ ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ತನಕ ಹೊಣೆಯು ತೀರಲಿಲ್ಲವೆಂಬದೇ ಈ ಪಾಠದ ಸಾರವು.

2. ದುಃಖವು ಹೊಣೆಯಲ್ಲ

ಮುಧೋಳವು ಕವಿಚಕ್ರವರ್ತಿ ರನ್ನನ ಜನ್ಮಸ್ಥಳವೆಂಬದು ನಿಮಗೆಲ್ಲರಿಗೂ ಗೊತ್ತಿದ್ದ ಸಂಗತಿ. ಬಳೆಗಾರರ ಮನೆತನದಲ್ಲಿ ಹುಟ್ಟಿದ ಈ ಹತ್ತನೆಯ ಶತಮಾನದ ಕವಿಯು ಚಾಲುಕ್ಯ ಅರಸರ ಆಶ್ರಯದಲ್ಲಿ ಬೆಳಗಿದನು. ಸಾಹಸಭೀಮವಿಜಯವೆಂದೂ ಹೆಸರಾದ ಆತನ "ಗದಾಯುದ್ಧ"ವನ್ನು ಮೇಲಿನ ತರಗತಿಗಳಲ್ಲಿ ನಿಮ್ಮಲ್ಲಿ ಅನೇಕರು ಅಲ್ಲಲ್ಲಿ ಓದಿರಬಹುದು.

ಆ ಕಾವ್ಯದಲ್ಲಿ ಯುದ್ಧವು ಬಹಳ ಮಟ್ಟಿಗೆ ಮುಗಿದುಹೋಗಿದೆ. ದುರ್ಯೋಧನನು ಸಂಜಯನ ಸಂಗಡ ರಣಭೂಮಿಯಲ್ಲಿ ನಡೆಯುತ್ತಾ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನ ಬಳಿಗೆ ಹೋಗುತ್ತಾನೆ. ದಾರಿಯುದ್ದಕ್ಕೂ ಹೆಣಗಳು. ಅಲ್ಲಿ ಗುರುವಾದ ದ್ರೋಣನು ಬಿದ್ದಿದ್ದಾನೆ. ವೈರಿಯ ಮಗನಾದ ಅಭಿಮನ್ಯುವು ಬಿದ್ದಿದ್ದಾನೆ. ಆ ಬಾಲಕನ ಪರಾಕ್ರಮಕ್ಕೆ ದುರ್ಯೋಧನನು ತಲೆದೂಗುತ್ತಾನೆ. ತನ್ನ ಸ್ವಂತ ಮಗನೂ, ತಮ್ಮನಾದ ದುಶ್ಶಾಸನನೂ, ಪ್ರಾಣಸ್ನೇಹಿತನಾದ ಕರ್ಣನೂ ಅಲ್ಲಿಯೇ ಬಿದ್ದಿದ್ದಾರೆ. ಒಬ್ಬೊಬ್ಬರ ಹತ್ತಿರ ನಿಂತು ಆತನು ಗೋಳಿಡುತ್ತಾನೆ. ಆ ದುಃಖವು ಕಪಟದ್ದಲ್ಲ. ಓದಿದವರ ಕಣ್ಣುಗಳೂ ಒದ್ದೆಯಾಗುವಂತೆ ರನ್ನನು ಅದನ್ನು ಬರೆದಿದ್ದಾನೆ.

ಎರಡನೆಯ ಪ್ರಶ್ನೆಯ ಉತ್ತರವು, ಅಂದರೆ ಏನಾಯಿತು, ಯಾರಿಗಾಯಿತು ಎಂಬದು, ಹೀಗೆ ಆತನ ಕಾಲಡಿಯಲ್ಲಿಯೇ ಬಿದ್ದುಕೊಂಡಿತ್ತು. ಆದರೆ ಮೂರನೆಯ ಪ್ರಶ್ನೆಗೆ ಆತನು ಕೊಟ್ಟ ಉತ್ತರವೇನು? ಮುಪ್ಪಿನ ತಂದೆತಾಯಿಗಳು ಸಂಧಿಯನ್ನು ಮಾಡಿಕೋ ಎಂದು ಬೇಡಿಕೊಂಡರು. ಅಜ್ಜನಾದ ಭೀಷ್ಮನೂ ಅದನ್ನೇ ಹೇಳಿದನು. ದುರ್ಯೋಧನನು ಒಪ್ಪಲಿಲ್ಲ. ಸತ್ತವರಿಗಾಗಿ ಅತ್ತವನು ಬದುಕಿ ಉಳಿದವರಿಗಾಗಿ ತನ್ನ ಛಲವನ್ನು ಬಿಡಲಿಲ್ಲ. ಆತನ ಛಲವನ್ನು ಕೊಂಡಾಡುವ ರಸಿಕರುಂಟು, ಮತ್ತು ಕಾವ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ ಪಾಠವು ಬೇರೆ. ಅಳುವದು ಬೇರೆ, ಹೊಣೆಯನ್ನು ಹೊರುವದು ಬೇರೆ. ದುಃಖವು ಮನುಷ್ಯನನ್ನು ತಿರುಗಿಸದೆ ಹೋದರೆ ಅದು ಕಣ್ಣೀರಾಗಿಯೇ ಒಣಗಿಹೋಗುತ್ತದೆ.

ಇದಕ್ಕೆ ಪ್ರತಿಯಾಗಿ ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯನನ್ನು ನೆನೆಯಿರಿ. ಆತನು ಬಹಳ ಅತ್ತನೆಂದು ಅಲ್ಲಿ ಹೇಳಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವದಾಗಿಯೂ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವದಾಗಿಯೂ ಆತನು ಎದ್ದು ನಿಂತು ಹೇಳಿದನು. ಮೂರನೆಯ ಪ್ರಶ್ನೆಗೆ ಕೊಡತಕ್ಕ ಉತ್ತರವು ಇಂಥದು.

3. ಮಾಡದೆ ಬಿಟ್ಟದ್ದಕ್ಕೂ ಹೊಣೆಯುಂಟು

ಇಷ್ಟು ಹೊತ್ತು ಕೆಟ್ಟ ಕೃತ್ಯದ ಹೊಣೆಯನ್ನು ಕುರಿತು ಹೇಳಿದೆವು. ಆದರೆ ಮಾಡಬೇಕಾದದ್ದನ್ನು ಮಾಡದೆ ಕೈಕಟ್ಟಿ ಕೂಡುವದೂ ಒಂದು ಕೃತ್ಯವೇ. ಅದಕ್ಕೂ ಫಲವುಂಟು, ಹೊಣೆಯೂ ಉಂಟು.

ಜಮಖಂಡಿಯೂ ಮುಧೋಳವೂ 1948ರ ವರೆಗೆ ಸಂಸ್ಥಾನಗಳಾಗಿದ್ದವು. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ಆ ಕಾಲದಲ್ಲಿ ಊರಿಗೆ ಒಳ್ಳೆಯದಾದರೂ ಕೆಟ್ಟದ್ದಾದರೂ ಪ್ರಭುಗಳು ಮಾಡಿದರೆಂದು ಜನರು ಹೇಳಬಹುದಾಗಿತ್ತು. ಸಂಸ್ಥಾನಗಳು ವಿಲೀನವಾದವು; ಪ್ರಜೆಗಳೇ ಪ್ರಭುಗಳಾದರು. ಆದರೆ ಹಳೆಯ ವಾಕ್ಯವು ಹೋಗಲಿಲ್ಲ. ಪ್ರಭುಗಳು ಎಂಬಲ್ಲಿ ಸರಕಾರದವರು ಎಂದು ಒಂದು ಶಬ್ದವು ಬದಲಾಯಿತು, ಅಷ್ಟೆ.

ಈ ವಾಕ್ಯವನ್ನು ನಮ್ಮ ಸೀಮೆಯ ರೈತರು ಒಂದು ಸಲ ತಿದ್ದಿ ಬರೆದರು. ಕೃಷ್ಣಾನದಿಯು ಮಹಾಬಳೇಶ್ವರದಲ್ಲಿ ಹುಟ್ಟಿ ಮಳೆಗಾಲದಲ್ಲಿ ನಮ್ಮ ಊರುಗಳ ಬದಿಯಲ್ಲಿ ದಡ ತುಂಬಿ ಹರಿಯುತ್ತದೆ. ಬೇಸಗೆ ಬಂತೆಂದರೆ ಅದೇ ನದಿಯ ದಂಡೆಯ ಮೇಲಿನ ಹೊಲಗಳು ನೀರಿಲ್ಲದೆ ಬಾಯಿ ಬಿಡುತ್ತಿದ್ದವು. ನೀರನ್ನು ತಡೆದು ನಿಲ್ಲಿಸುವ ಒಂದು ಬ್ಯಾರೇಜು ಬೇಕೆಂದು ರೈತರು ಬಹುಕಾಲ ಬೇಡಿಕೊಂಡರು. ಕೆಲಸವು ಆಗಲಿಲ್ಲ. ಆಗ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿ, ತಮ್ಮ ತಮ್ಮಲ್ಲಿಯೇ ಹಣವನ್ನು ಕೂಡಿಸಿ, ತಮ್ಮ ಮೈಯನ್ನೇ ದುಡಿಮೆಗೆ ಒಡ್ಡಿ, 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿ ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಶ್ರಮಬಿಂದುವೆಂದರೆ ಬೆವರಿನ ಹನಿ. ಹನಿಗೂಡಿ ಹಳ್ಳವೆಂಬ ನಮ್ಮ ಹಿರಿಯರ ಮಾತನ್ನು ಇವರು ಸಾಗರದ ವರೆಗೆ ಒಯ್ದರು. ಮುಂದೆ 1991ರ ಚುನಾವಣೆಯಲ್ಲಿ ನ್ಯಾಮಗೌಡರು ಬಾಗಲಕೋಟೆಯಿಂದ ಲೋಕಸಭೆಗೆ ನಿಂತು, ಮಾಜಿ ಮುಖ್ಯಮಂತ್ರಿಗಳಾದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ, ಕೇಂದ್ರದಲ್ಲಿ ರಾಜ್ಯಮಂತ್ರಿಗಳಾದರು. 2018ರಲ್ಲಿ ಅವರು ರಸ್ತೆಯ ಅಪಘಾತದಲ್ಲಿ ತೀರಿಕೊಂಡ ದಿನದ ವರೆಗೂ ಜನರು ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆಯುತ್ತಿದ್ದರು.

ಇದನ್ನು ಹೇಳುವದರಿಂದ ಸರಕಾರದ ಹೊಣೆಯು ತೀರಿಹೋಯಿತೆಂದು ಯಾರೂ ತಿಳಿಯಬಾರದು. ತೆರಿಗೆಯನ್ನು ಕೊಟ್ಟ ಪ್ರಜೆಗಳಿಗೆ ಕೇಳುವ ಹಕ್ಕು ಇದ್ದೇ ಇದೆ. ಆದರೆ ಕೇಳಿ ಕೇಳಿ ದಣಿದವರು "ಆಗಲಿಲ್ಲ" ಎಂದು ವಾಕ್ಯವನ್ನು ಮುಗಿಸಿ ಮನೆಗೆ ಹೋಗಬಹುದಾಗಿತ್ತು. ಅವರು "ನಾವು ಮಾಡುತ್ತೇವೆ" ಎಂದು ಮತ್ತೊಂದು ವಾಕ್ಯವನ್ನು ಆರಂಭಿಸಿದರು. ಕರ್ತೃಪದವು ತಾನಾಗಿ ಮುಂದೆ ಬಂದು ನಿಂತಿತು. ಇದೇ ಆ ಕೆಲಸದ ದೊಡ್ಡಸ್ತಿಕೆಯು.

4. ಒಳ್ಳೆಯ ಕೃತ್ಯದ ಫಲವನ್ನೂ ಹಿಂಬಾಲಿಸಬೇಕು

ಇಲ್ಲಿಗೆ ಕಥೆಯು ಮುಗಿದಿದ್ದರೆ ಬಹು ಚೆನ್ನಾಗಿತ್ತು. ಆದರೆ ಕೃತ್ಯವು ಒಳ್ಳೆಯದಾದ ಮಾತ್ರಕ್ಕೆ ಅದರ ಎಲ್ಲಾ ಫಲಗಳೂ ಒಳ್ಳೆಯವೇ ಆಗುವದಿಲ್ಲ. ಇದನ್ನು ನೀರೇ ನಮಗೆ ಕಲಿಸಿದೆ.

ಕೃಷ್ಣಾ, ಘಟಪ್ರಭಾ ನದಿಗಳ ನೀರು ಕಾಲುವೆಗಳಿಂದಲೂ ಪಂಪುಗಳಿಂದಲೂ ಹೊಲಗಳಿಗೆ ಬಂದ ಮೇಲೆ ಜಮಖಂಡಿ, ಮುಧೋಳದ ಕಡೆಗೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಸಕ್ಕರೆಯ ಕಾರಖಾನೆಗಳು ಎದ್ದವು. ಸಾಲದಲ್ಲಿದ್ದ ಮನೆಗಳು ತಲೆ ಎತ್ತಿದವು. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲನ್ನು ಹತ್ತುವದಕ್ಕೂ ಆ ನೀರು ಎಷ್ಟೋ ಕಡೆ ಸಹಾಯವಾಯಿತು. ಆದರೆ ನಮ್ಮ ಎರೆಭೂಮಿಯ ಗುಣವನ್ನು ನೋಡಿರಿ. ಅದು ನೀರನ್ನು ಬೇಗ ಬಸಿದು ಹೋಗಗೊಡುವದಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ನೀರನ್ನು ವರ್ಷವರ್ಷವೂ ಹಾಯಿಸುತ್ತಾ ಹೋದರೆ ನೆಲದೊಳಗಿನ ನೀರು ಮೆಲ್ಲಮೆಲ್ಲನೆ ಮೇಲಕ್ಕೆ ಏರುತ್ತದೆ. ಅದರ ಸಂಗಡ ಮಣ್ಣಿನಲ್ಲಿದ್ದ ಲವಣವೂ ಏರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಲವಣವು ಮಾತ್ರ ಬಿಳಿಯ ಹೊಪ್ಪಳಿಕೆಯಾಗಿ ಮೇಲೆ ಉಳಿಯುತ್ತದೆ. ಬೇರುಗಳು ಒಂದು ಕಡೆ ಲವಣದಿಂದಲೂ ಮತ್ತೊಂದು ಕಡೆ ನಿಂತ ನೀರಿನಿಂದಲೂ ಕಂಗೆಡುತ್ತವೆ. ಇದಕ್ಕೇ ನಮ್ಮ ರೈತರು ಸವಳು-ಜವಳು ಎಂದು ಹೆಸರಿಟ್ಟಿದ್ದಾರೆ.

ಆಗ ಹೊಲದ ಒಡೆಯನು ಏನೆನ್ನುತ್ತಾನೆ? "ಭೂಮಿ ಸವಳಾಯಿತು" ಎನ್ನುತ್ತಾನೆ. ಇಲ್ಲಿಯೂ ಕರ್ತೃವು ಬಾಗಿಲ ಮರೆಗೆ ಹೋದನು. ಭೂಮಿಯು ತಾನಾಗಿ ಸವಳಾಗಲಿಲ್ಲ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ಮೇಲಿನ ಹೊಲದವನು ಹಾಯಿಸಿದ ಹೆಚ್ಚಿನ ನೀರು ಜಿನುಗಿ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಕಬ್ಬು ಮೇಲಿನವನದು, ಸವಳು ಕೆಳಗಿನವನದು. ಮೇಲಿನವನು ಕೆಟ್ಟವನಲ್ಲ; ತನ್ನ ಮಕ್ಕಳ ಹೊಟ್ಟೆಗಾಗಿಯೇ ದುಡಿದವನು. ಆದರೆ ಅವನ ಕಣ್ಣು ತನ್ನ ಬದುವಿನ ಆಚೆಗೆ ಹೋಗಲಿಲ್ಲ. ಎರಡನೆಯ ಪ್ರಶ್ನೆಗೆ ಕಣ್ಣು ಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ಮೂರನೆಯ ಪ್ರಶ್ನೆಗೂ ಇಲ್ಲಿ ಉತ್ತರವುಂಟು. ಬಸಿಗಾಲುವೆಗಳನ್ನು ತೆಗೆದು ನಿಂತ ನೀರಿಗೆ ದಾರಿಯನ್ನು ಮಾಡಿಕೊಡುವದು, ಕಬ್ಬಿಗೂ ಹನಿ ನೀರಾವರಿಯಿಂದ ಬೇಕಾದಷ್ಟೇ ನೀರನ್ನು ಉಣಿಸುವದು, ಬೆಳೆಯನ್ನು ಬದಲಿಸುವದು, ಹಸುರೆಲೆ ಗೊಬ್ಬರವನ್ನು ಹಾಕುವದು, ಮಣ್ಣನ್ನು ಪರೀಕ್ಷೆ ಮಾಡಿಸಿ ತಜ್ಞರು ಹೇಳಿದರೆ ಜಿಪ್ಸಮ್ ಬೆರೆಸುವದು, ಇವು ಆ ಉಪಾಯಗಳು. ಇವುಗಳಲ್ಲಿ ಬಸಿಗಾಲುವೆಯ ಕೆಲಸವನ್ನು ಒಬ್ಬನೇ ಪೂರ್ಣವಾಗಿ ಮಾಡಲಾರನು. ನೀರನ್ನು ತರುವದಕ್ಕೆ ಕೂಡಿದ ಕೈಗಳು ನೀರನ್ನು ಬಸಿಯುವದಕ್ಕೂ ಕೂಡಬೇಕು. ತರುವಾಗ ಉತ್ಸಾಹವಿರುತ್ತದೆ, ಹೆಸರಾಗುತ್ತದೆ. ಬಸಿಯುವಾಗ ಹಾರ ಹಾಕುವವರು ಯಾರೂ ಇಲ್ಲ. ಆದರೂ ಹೊಣೆಯ ದೃಷ್ಟಿಯಿಂದ ಎರಡೂ ಒಂದೇ ಕೆಲಸದ ಎರಡು ಭಾಗಗಳು.

5. ಯಾರಿಗಾಯಿತು?

ಬೀಳಗಿ ತಾಲೂಕಿನ ಕಡೆಗೆ ದೃಷ್ಟಿಯನ್ನು ತಿರುಗಿಸಿದರೆ ಈ ಪ್ರಶ್ನೆಯು ಇನ್ನೂ ಕಠಿಣವಾಗುತ್ತದೆ. ಆಲಮಟ್ಟಿಯ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಕಾಲಾಂತರದಲ್ಲಿ ಅಲ್ಲಿ 519.60 ಮೀಟರ್ ಮಟ್ಟದ ವರೆಗೆ ನೀರು ನಿಂತಿತು. ಆ ನೀರಿನಿಂದ ವಿಜಯಪುರ, ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಬರಗಾಲದ ನೆಲಕ್ಕೆ ಕಾಲುವೆಗಳು ಹರಿದವು. ಇದು ದೊಡ್ಡ ಉಪಕಾರವೆಂಬದರಲ್ಲಿ ಸಂದೇಹವಿಲ್ಲ. ಆದರೆ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಬಹುಭಾಗವೂ ಮುಳುಗಿದವು. ಮನೆ, ಹೊಲ, ಗುಡಿ, ಮಸೀದಿ, ಹಿರಿಯರ ಸಮಾಧಿ ಇವೆಲ್ಲವನ್ನು ನೀರಿಗೆ ಬಿಟ್ಟು ಜನರು ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕಾಯಿತು.

ಇಲ್ಲಿ ಕೃತ್ಯವು ಒಬ್ಬರದು, ಫಲವು ಮತ್ತೊಬ್ಬರದು. ಮುಳುಗಿದವರು ಏನನ್ನೂ ಮಾಡಿದವರಲ್ಲ. ಪರಿಹಾರದ ಹಣವನ್ನು ಕೊಡುವದು ಸರಕಾರದ ಹೊಣೆ. ಅದು ನ್ಯಾಯವಾಗಿಯೂ ಸಕಾಲಕ್ಕೂ ಸಲ್ಲಬೇಕೆಂದು ಕೇಳುವದು ನಮ್ಮೆಲ್ಲರ ಹೊಣೆ. ಆದರೆ ಹಣದಿಂದ ತೀರದ ಒಂದು ಋಣವೂ ಉಂಟು. ಅದು ನೆನಪಿನ ಋಣವು. ನಮ್ಮ ಸೀಮೆಯ ಶಾಲೆಗಳಲ್ಲಿ ನೀರು ಕಂಡ ಹೊಲದ ಹುಡುಗಿಯೂ ನೀರಿನಲ್ಲಿ ಮುಳುಗಿದ ಊರಿನ ಹುಡುಗಿಯೂ ಒಂದೇ ಬೆಂಚಿನ ಮೇಲೆ ಕುಳಿತಿರಬಹುದು. ಎರಡನೆಯವಳ ಊರಿನ ಹೆಸರನ್ನು ಮೊದಲನೆಯವಳು ಕೇಳಿ ತಿಳಿದುಕೊಳ್ಳುವದು ಚಿಕ್ಕ ಮಾತಲ್ಲ. ನಾವು ಉಂಡ ಅನ್ನದ ಹಿಂದೆ ಯಾರ ನಷ್ಟವಿದೆಯೆಂದು ತಿಳಿಯದೆ ಇರುವವರು ಹೊಣೆಗಾರರಾಗುವದು ಹೇಗೆ?

ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೊಣೆಯನ್ನು ಶಕ್ತಿಯಿದ್ದವರ ಮೇಲೆ ಹೊರಿಸಬೇಕೇ ಹೊರತು ಶಕ್ತಿಯಿಲ್ಲದವರ ಮೇಲಲ್ಲ. ಮುಳುಗಿದವರಿಗೆ "ನಿಮ್ಮ ಕರ್ಮ" ಎಂದು ಹೇಳುವದು ವಿಚಾರವಲ್ಲ. ಅದು ತನ್ನ ಪಾಲಿನ ಲೆಕ್ಕವನ್ನು ಮತ್ತೊಬ್ಬರ ವಹಿಯಲ್ಲಿ ಬರೆಯುವದು.

6. ಹಣೆಬರಹವೆಂಬ ಮಾತು

ನದಿಯಿಂದ ಮನೆಗೆ ಬರೋಣ. ಪಾಲಕರೇ, ಇದು ವಿಶೇಷವಾಗಿ ನಿಮ್ಮ ಸಂಗಡ ಆಡುವ ಮಾತು.

ಹುಡುಗಿಯೊಬ್ಬಳು ಒಂಬತ್ತನೆಯ ಇಯತ್ತೆಯ ವರೆಗೆ ಚೆನ್ನಾಗಿ ಓದುತ್ತಿರುತ್ತಾಳೆ. ಬೇಸಗೆಯ ಸೂಟಿಯು ಮುಗಿದು ಶಾಲೆ ತೆರೆದಾಗ ಅವಳ ಜಾಗವು ಬರಿದಾಗಿರುತ್ತದೆ. ವಿಚಾರಿಸಿದರೆ "ಮದುವೆಯಾಯಿತು" ಎಂಬ ಉತ್ತರ. ವ್ಯಾಕರಣದ ಕಣ್ಣಿನಿಂದ ಈ ವಾಕ್ಯವನ್ನು ನೋಡಿರಿ. ಮದುವೆಯು ತಾನಾಗಿ ಆಗಲಿಲ್ಲ. ಯಾರೋ ಮಾತುಕತೆ ಮಾಡಿದರು, ಯಾರೋ ಒಪ್ಪಿದರು, ಯಾರೋ ಅಕ್ಷತೆ ಹಾಕಿದರು, ಯಾರೋ ಉಂಡು ಹೋದರು. ಇವರೆಲ್ಲರೂ ಕರ್ತೃಗಳು. ಆ ಹುಡುಗಿಯೊಬ್ಬಳೇ ಆ ವಾಕ್ಯದಲ್ಲಿ ಕರ್ಮವು. ಮುಂದೆ ಅವಳು ಎಳೆಯ ವಯಸ್ಸಿನಲ್ಲಿ ಬಸಿರಾಗಿ ದೇಹದಿಂದ ಸೊರಗಿದರೆ, ಕೈಯಲ್ಲಿ ವಿದ್ಯೆಯಿಲ್ಲದೆ ಪರರ ಮುಖವನ್ನು ನೋಡುವಂತಾದರೆ, "ಅವಳ ಹಣೆಬರಹ" ಎನ್ನುತ್ತೇವೆ. ಹಣೆಯ ಮೇಲೆ ಬರೆದ ಕೈ ಯಾರದು? ಆ ಅಕ್ಷರವು ಮನೆಯ ಹಿರಿಯರ ಕೈಯ ಅಕ್ಷರದಂತೆಯೇ ಇದೆಯಲ್ಲವೇ?

ಕಾಯಿದೆಯಾದರೂ ಇಲ್ಲಿ ಕರ್ತೃವನ್ನು ಹುಡುಕುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹೆಣ್ಣಿಗೆ 18 ವರ್ಷ ತುಂಬದೆ ಮದುವೆ ಮಾಡಕೂಡದು. ಮಾಡಿದರೆ ಮದುವೆಯನ್ನು ನಡಿಸಿದವರಿಗೂ, ಅದಕ್ಕೆ ಪ್ರೋತ್ಸಾಹ ಕೊಟ್ಟವರಿಗೂ 2 ವರ್ಷಗಳ ವರೆಗಿನ ಸೆರೆವಾಸವನ್ನೂ 1 ಲಕ್ಷ ರೂಪಾಯಿಗಳ ವರೆಗಿನ ದಂಡವನ್ನೂ ವಿಧಿಸಬಹುದು. ಆಪತ್ತಿನಲ್ಲಿರುವ ಮಗುವಿಗಾಗಿ ಯಾರು ಬೇಕಾದರೂ 1098 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಆದರೆ ಕಾಯಿದೆಯ ಭಯಕ್ಕಿಂತ ಮಗಳ ಮುಖವು ದೊಡ್ಡದೆಂದು ನಾವು ತಿಳಿಯುತ್ತೇವೆ.

ಬಡತನವೂ, ಊರವರ ಬಾಯಿಯ ಅಂಜಿಕೆಯೂ ಪಾಲಕರನ್ನು ಹೀಗೆ ಮಾಡಿಸುತ್ತವೆಂಬದನ್ನು ನಾವು ಅರಿಯದವರಲ್ಲ. ಅಂಥ ಹೊತ್ತಿನಲ್ಲಿ ತಂದೆಯನ್ನು ಹಳಿದು ಸುಮ್ಮನಾಗುವ ನೆರೆಯವರೂ, ಹಾಜರಿ ಪುಸ್ತಕದಿಂದ ಹೆಸರನ್ನು ಹೊಡೆದುಹಾಕಿ ಸುಮ್ಮನಾಗುವ ಶಾಲೆಯೂ ತಮ್ಮ ಪಾಲಿನ ಜವಾಬನ್ನು ಕೊಡಬೇಕಾಗುತ್ತದೆ. ಜಾಗವು ಬರಿದಾದ ದಿನವೇ ಮನೆಗೆ ಹೋಗಿ ಕೇಳುವದು ಶಾಲೆಯವರಾದ ನಮ್ಮ ಹೊಣೆಯು.

ದೇವಿಗೆ ಹೆಣ್ಣುಮಗುವನ್ನು ಬಿಡುವ ಪದ್ಧತಿಯು ನಮ್ಮ ಸೀಮೆಯಲ್ಲಿ ಎಷ್ಟೋ ತಲೆಮಾರುಗಳ ಬಾಳನ್ನು ನುಂಗಿತು. ಅಲ್ಲಿಯೂ ವಾಕ್ಯವು ಇದೇ ಬಗೆಯದು: ದೇವಿ ಕೇಳಿದಳು, ಜಡೆ ಬಂತು, ಬಿಡಬೇಕಾಯಿತು. 1982ರ ಕರ್ನಾಟಕದ ಕಾಯಿದೆಯು ಆ ಪದ್ಧತಿಯನ್ನು ನಿಷೇಧಿಸಿತು. ಅದರಲ್ಲಿ ಸಿಕ್ಕಿದ್ದ ತಾಯಂದಿರೇ ಅನೇಕರು ನಮ್ಮ ಮಕ್ಕಳಿಗೆ ಹೀಗಾಗಗೊಡುವದಿಲ್ಲವೆಂದು ನಿಂತು, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದರು. ತಾವು ಮಾಡದ ಕೃತ್ಯದ ಫಲವನ್ನು ಉಂಡವರು ಮೂರನೆಯ ಪ್ರಶ್ನೆಗೆ ಉತ್ತರವನ್ನು ಕೊಟ್ಟರು. ಅವರ ಮುಂದೆ ನಾವು ತಲೆಬಾಗಬೇಕು.

7. ಮಕ್ಕಳಿಗೆ ಇದನ್ನು ಕಲಿಸುವ ಬಗೆ

ಹೊಣೆಯನ್ನು ಬೆತ್ತದಿಂದ ಕಲಿಸಲಾಗದು. ನಿಜವನ್ನು ಹೇಳಿದ ಮಗುವಿಗೆ ಏಟು, ಮುಚ್ಚಿಟ್ಟ ಮಗುವಿಗೆ ಊಟ ಎಂಬ ಮನೆಯಲ್ಲಿ ಮಗುವು ಬೇಗನೆ "ಒಡೆಯಿತು" ಎಂಬ ವ್ಯಾಕರಣವನ್ನು ಕಲಿಯುತ್ತದೆ. ಆದಕಾರಣ "ನಾನು ಒಡೆದೆ" ಎಂದು ಬಂದ ಮಗುವಿಗೆ ಮೊದಲು ಧೈರ್ಯವನ್ನು ಕೊಡಿರಿ. ಆದರೆ ಅಲ್ಲಿಗೇ ಬಿಡಬೇಡಿರಿ. "ಚೂರು ಯಾರ ಕಾಲಿಗೆ ಚುಚ್ಚೀತು?" ಎಂದು ಕೇಳಿರಿ, ಕಸಬರಿಗೆಯನ್ನು ಕೈಗೆ ಕೊಟ್ಟು ಜೊತೆಗೆ ನಿಂತು ಗುಡಿಸಿರಿ. ಮೂರೂ ಪ್ರಶ್ನೆಗಳ ಪಾಠವು ಐದು ನಿಮಿಷಗಳಲ್ಲಿ ಮುಗಿಯಿತು.

ತಡಮಾಡದಿರುವದೂ ಮುಖ್ಯವು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಂದ ಬಂದ ಹುಡುಗಿಯರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಮಗ್ಗದ ಮೇಲೆ ಹಾಸಿನ ಒಂದು ಎಳೆಯು ಹರಿದರೆ ನೇಕಾರನು ಲಾಳಿಯನ್ನು ನಿಲ್ಲಿಸಿ ಆಗಲೇ ಗಂಟು ಹಾಕುತ್ತಾನೆ. ಸಂಜೆಗೆ ನೋಡಿದರಾಯಿತೆಂದು ನೇಯುತ್ತಾ ಹೋದರೆ ಆ ಒಂದು ಎಳೆಯ ಸಂದು ಸೀರೆಯ ಉದ್ದಕ್ಕೂ ಓಡುತ್ತದೆ. ಗಂಟು ಹಾಕುವದರಲ್ಲಿ ನಾಚಿಕೆಯಿಲ್ಲ. ಗಂಟಿಲ್ಲದೆ ನೇಯುವವರು ಲೋಕದಲ್ಲಿ ಯಾರೂ ಇಲ್ಲ.

ಮಾಜಿ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಶಿಕ್ಷಕಿಯರು, ಕೆಲವರು ನರ್ಸುಗಳು, ಕೆಲವರು ಪಂಚಾಯತಿಯ ಸದಸ್ಯರು, ಬಹುಮಂದಿ ತಾಯಂದಿರು. ನಿಮ್ಮ ಕೈಯ ಕೆಲಸವು ಯಾರ ಅಂಗಳಕ್ಕೆ ಇಳಿಯುತ್ತದೆಂದು ಹಿಂಬಾಲಿಸಿ ನೋಡುವ ರೂಢಿಯನ್ನು ಬಿಡಬೇಡಿರಿ. ಮಕ್ಕಳು ನಮ್ಮ ಉಪದೇಶವನ್ನು ಅರ್ಧ ಕೇಳುತ್ತಾರೆ. ನಾವು ನಮ್ಮ ತಪ್ಪಿಗೆ ಯಾವ ವಾಕ್ಯವನ್ನು ಬಳಸುತ್ತೇವೆಂಬದನ್ನು ಮಾತ್ರ ಪೂರ್ಣವಾಗಿ ಕೇಳುತ್ತಾರೆ.

8. ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

ಈ ಪಾಠವನ್ನು ಓದಿ ಇಟ್ಟುಬಿಡದೆ, ರಾತ್ರಿಯ ಊಟವಾದ ಮೇಲೆ ಹಿರಿಯರೂ ಮಕ್ಕಳೂ ಕೂಡಿ ಕೆಳಗಿನ ಪ್ರಶ್ನೆಗಳನ್ನು ಮಾತಾಡಿಕೊಂಡರೆ ಅದು ಸಾರ್ಥಕವಾದೀತು.

ಒಂದು: ಈ ವಾರದಲ್ಲಿ ನಮ್ಮ ಮನೆಯಲ್ಲಿ ಆಡಿದ ಮಾತುಗಳಲ್ಲಿ ಕರ್ತೃವನ್ನು ಬಚ್ಚಿಟ್ಟ ವಾಕ್ಯಗಳು ಯಾವವು? ಅವುಗಳನ್ನು ತಿದ್ದಿ ಹೇಳಿರಿ.

ಎರಡು: ನಮ್ಮ ಹೊಲದ, ಅಂಗಡಿಯ, ಮಗ್ಗದ ಅಥವಾ ಕಚೇರಿಯ ಕೆಲಸದಿಂದ ತೊಂದರೆ ಪಡುವವರು ಯಾರಾದರೂ ಇದ್ದಾರೆಯೇ? ಅವರನ್ನು ನಾವು ಎಂದಾದರೂ ಕೇಳಿದ್ದೇವೆಯೇ?

ಮೂರು: ಯಾರೋ ಮಾಡಲೆಂದು ನಾವು ಬಹುದಿನ ಕಾಯುತ್ತಿರುವ, ಆದರೆ ಹತ್ತು ಮನೆಗಳು ಕೂಡಿದರೆ ಮಾಡಬಹುದಾದ ಕೆಲಸವು ನಮ್ಮ ಓಣಿಯಲ್ಲಿ ಯಾವದು?

ನಾಲ್ಕು: ನಮ್ಮ ಮಗಳ ವಿಷಯದಲ್ಲಿ ನಾವು ಈ ವರ್ಷ ತೆಗೆದುಕೊಳ್ಳುವ ನಿರ್ಣಯಕ್ಕೆ, ಅವಳು ಮೂವತ್ತು ವರ್ಷದವಳಾದಾಗ ನಮ್ಮನ್ನು ಕಾರಣ ಕೇಳಿದರೆ ಯಾವ ಜವಾಬನ್ನು ಕೊಡುವೆವು?

ಈ ನಾಲ್ಕನೆಯ ಪ್ರಶ್ನೆಯನ್ನು ಮಗಳ ಎದುರಿನಲ್ಲಿಯೇ ವಿಚಾರಿಸಬೇಕೆಂದೂ, ಅವಳ ಮಾತನ್ನು ಮೊದಲು ಕೇಳಬೇಕೆಂದೂ ಪಾಲಕರಲ್ಲಿ ವಿನಂತಿಸಿಕೊಳ್ಳುತ್ತೇವೆ.